ಸ್ವಾಮಿಗಳು ಹೊಡೆಸಿದ ದುಡ್ಡು

ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗಳ ವಿಚಾರ ಬರೆದು ನಾಲ್ಕಾರು ಗೃಹಿಣಿಯರ ಕೋಪಕ್ಕೆ ಪಾತ್ರರಾದ ನಾವು, ಈ ಸಲ ಯಾರಿಗೂ ನೋವಾಗದ ವಿಷಯವೊಂದನ್ನು ಹಿಡಿಯಬೇಕೆಂದು ನಿಶ್ಚಯಿಸಿದ್ದೆವು. ಹಣದ ಮಾತೆತ್ತಿದರೆ ನೋಯದವರು ಯಾರು ಎಂದು ವಾಚಕರು ನಕ್ಕಾರು. ಆದರೆ ನಾವು ಹೇಳಹೊರಟಿರುವುದು ಇಂದು ಯಾವ ಅಂಗಡಿಯಲ್ಲಿಯೂ ನಡೆಯದ ಹಣದ ಕಥೆ. ಸಾಲ ಕೇಳಿಯಾರೆಂಬ ಭಯವಿಲ್ಲದೆ ಓದಬಹುದು.

ಸಂಗತಿ ನಡೆದದ್ದು ಮೆಹದಿಪಟ್ಟಣಂನ ನಮ್ಮ ಬೀದಿಯಲ್ಲಿಯೇ. ಎದುರು ಸಾಲಿನಲ್ಲಿ ರಾಯಚೂರಿನ ಕಡೆಯ ಕುಟುಂಬವೊಂದಿದೆ. ಆ ಮನೆಯ ಹಿರಿಯರಿಗೆ ಎಂಬತ್ತು ದಾಟಿ ಐದಾರು ವರ್ಷಗಳಾದವು. ಬೀದಿಯವರೆಲ್ಲ ಅವರನ್ನು ಅವ್ವ ಎಂದೇ ಕರೆಯುವುದು. ಮರಿಮಗಳಿಗೆ ಮೊದಲ ಅನ್ನ ಉಣಿಸುವ ದಿನ ಹತ್ತಿರವಾದಾಗ ಅವ್ವನವರು ತಮ್ಮ ಸಂದೂಕದಿಂದ ಐದು ಹಳೆಯ ಬೆಳ್ಳಿಯ ರೂಪಾಯಿಗಳನ್ನು ತೆಗೆದು, ಇವನ್ನು ಕರಗಿಸಿ ಕೂಸಿಗೊಂದು ಬಟ್ಟಲು ಮಾಡಿಸು ಎಂದು ಮಗನ ಕೈಗಿತ್ತರು. ಮಗ ಅಂಗಡಿಯೊಂದಕ್ಕೆ ಒಯ್ದ. ಅಂಗಡಿಯಾತ ಬೆರಳಲ್ಲಿ ತಿರುವಿ ನೋಡಿ, "ಅಕ್ಷರ ಅರ್ಧ ಅಂಚಿನಾಚೆ ಹೋಗಿದೆ, ಸರಿಯಾಗಿ ದುಂಡಗೂ ಇಲ್ಲ, ಮೈಮೇಲೆ ಗಾಯ ಬೇರೆ. ಬೆಳ್ಳಿಯೂ ಚೊಕ್ಕಟವಲ್ಲ. ಇವು ಖೋಟಾ" ಎಂದು ಹಿಂದಿರುಗಿಸಿದನಂತೆ.

ಮಗ ಮನೆಗೆ ಬಂದು ಈ ಮಾತನ್ನು ಇದ್ದದ್ದಿದ್ದಂತೆ ಹೇಳಿದ. ಹೇಳಬಾರದಿತ್ತು. 1957ರಲ್ಲಿ ಲಗ್ನವಾಗಿ ಗಂಡನ ಮನೆಗೆ ಹೊರಟಾಗ ತಂದೆ ಸೆರಗಿನ ತುದಿಯಲ್ಲಿ ಗಂಟು ಹಾಕಿ ಕಳಿಸಿದ ರೂಪಾಯಿಗಳವು. ಅವ್ವನವರು ಆ ರಾತ್ರಿ ಉಣ್ಣಲಿಲ್ಲ. "ನಮ್ಮಪ್ಪ ಖೋಟಾ ರೊಕ್ಕ ಕೊಟ್ಟಾನೇನು? ಸಾಲ ಮಾಡಿದ್ರೂ ಸುಳ್ಳು ಹೇಳದಾಂವ" ಎಂದು ಎರಡು ದಿನ ಅದೇ ಮಾತು. ಬಟ್ಟಲಿನ ಆಸೆ ಎಲ್ಲಿಯೋ ಹೋಯಿತು. ತೀರಿಹೋದ ತಂದೆಯ ಮೇಲೆ ಬಂದ ಆರೋಪವೊಂದೇ ಮನೆಯಲ್ಲಿ ಉಳಿಯಿತು.

ಅದೇ ವಾರ ಮೊಮ್ಮಗ ಇಂಗ್ಲೆಂಡಿನಿಂದ ರಜೆಗೆ ಬಂದ. ಆ ದೇಶದ ಉತ್ತರ ಭಾಗದಲ್ಲಿರುವ ಡರ್ಹಮ್ ಎಂಬ ಊರಿನಲ್ಲಿ ಅವನ ಓದು. ಸಂಗತಿ ಕೇಳಿ, ಅಂಗಿಯ ಜೇಬಿನಿಂದ ಸಣ್ಣದೊಂದು ಬೆಳ್ಳಿಯ ಬಿಲ್ಲೆ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟ. ಓದುವ ಊರಿನ ನೆನಪಿಗೆಂದು ಹಳೆಯ ನಾಣ್ಯಗಳ ಅಂಗಡಿಯಲ್ಲಿ ಕೊಂಡದ್ದಂತೆ. "ನೋಡು ಅವ್ವಾ, ಇದೂ ದುಂಡಗಿಲ್ಲ, ಇದರ ಅಕ್ಷರಾನೂ ಅರ್ಧಂಬರ್ಧ. ಏಳು ನೂರು ವರ್ಷದ್ದು. ಅಲ್ಲಿಯ ಸ್ವಾಮಿಗಳು ಹೊಡೆಸಿದ್ದು."

ಹಳೆಯ ಸಾಮಾನಿನ ಹುಚ್ಚು ನಮಗುಂಟೆಂಬುದು ಬೀದಿಗೆಲ್ಲ ತಿಳಿದ ವಿಷಯವಾದುದರಿಂದ ನಮಗೆ ಕರೆ ಬಂತು. ನಮ್ಮ ಮನೆಯಾಕೆ ಸಾಗರದ ಕಡೆಯವಳು. ಅವಳ ತೌರಿನಿಂದ ಬಂದು ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯಲ್ಲಿ ಕೂಡುವ ಇಕ್ಕೇರಿ ವರಾಹವೊಂದು ನಮ್ಮಲ್ಲಿದೆ. ಅದನ್ನೂ ಕುಂಕುಮದ ಭರಣಿಯಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಉರ್ದು ಪಾರಸಿ ಬಲ್ಲ ನೆರೆಮನೆಯ ನಿವೃತ್ತ ಮಾಸ್ತರ ಸಾಹೇಬರನ್ನೂ ಬರಮಾಡಿಕೊಂಡೆವು. ಹೀಗೆ ರಾಯಚೂರಿನ ಬೆಳ್ಳಿ, ಮಲೆನಾಡಿನ ಚಿನ್ನ, ಡರ್ಹಮಿನ ಬಿಲ್ಲೆ ಮೂರೂ ಒಂದೇ ಊಟದ ಮೇಜಿನ ಮೇಲೆ ಕೂಡಿದವು.

ಮೊದಲು ಖೋಟಾ ಎಂಬ ಮಾತನ್ನು ತೀರಿಸಬೇಕಾಗಿತ್ತು. ಯಂತ್ರ ಬರುವುದಕ್ಕೆ ಮುಂಚೆ ಲೋಕದ ನಾಣ್ಯವೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹುಟ್ಟುತ್ತಿತ್ತು. ಗಟ್ಟಿ ದಿಮ್ಮಿಯಲ್ಲಿ ನಾಟಿದ ಅಡಿಯ ಅಚ್ಚು ಒಂದು, ಕೈಯಲ್ಲಿ ಹಿಡಿಯುವ ಮೇಲಿನ ಅಚ್ಚು ಒಂದು. ತೂಕ ಸರಿಮಾಡಿದ ಬಿಲ್ಲೆಯನ್ನು ನಡುವೆ ಇಟ್ಟು, ಮೇಲಿನ ಅಚ್ಚಿನ ನೆತ್ತಿಗೆ ಸುತ್ತಿಗೆಯಿಂದ ಬಲವಾಗಿ ಒಂದು ಏಟು. ಏಟು ಓರೆಯಾದರೆ ಮುದ್ರೆಯೂ ಓರೆ. ಬಿಲ್ಲೆ ಸರಿದರೆ ಅರಸನ ಮೂಗು ಅಂಚಿನಾಚೆ. ಸುತ್ತಿಗೆಯ ಏಟು ನೇರವಾಗಿ ಬೀಳುವುದು ಮೇಲಿನ ಅಚ್ಚಿಗಾದ್ದರಿಂದ ಅದು ಬೇಗ ಸವೆಯುತ್ತಿತ್ತು. ಅಡಿಯ ಅಚ್ಚೊಂದು ಬಾಳುವುದರೊಳಗೆ ಮೇಲಿನವು ಹಲವು ಮುಗಿಯುತ್ತಿದ್ದವು. ನಮ್ಮ ದೇಶದ ರೂಪಾಯಿಗಳಲ್ಲಿ ಮತ್ತೊಂದು ವಿಶೇಷ: ಅಚ್ಚು ಬಿಲ್ಲೆಗಿಂತ ಅಗಲ. ಅಚ್ಚಿನಲ್ಲಿ ಕೊರೆದ ಬರಹವೆಲ್ಲ ಒಂದೇ ರೂಪಾಯಿಯ ಮೇಲೆ ಮೂಡುವುದು ಸಾಧ್ಯವೇ ಇರಲಿಲ್ಲ. ಒಂದರಲ್ಲಿ ಊರಿನ ಹೆಸರು ಉಳಿದರೆ ಇನ್ನೊಂದರಲ್ಲಿ ವರ್ಷದ ಅಂಕಿ ಉಳಿದೀತು. ಅಂಗಡಿಯಾತ ಗಾಯವೆಂದದ್ದು ಸರಾಫರ ಗುದ್ದು. ಬೆಳ್ಳಿಯನ್ನು ಪರೀಕ್ಷಿಸಿ ಒಪ್ಪಿದ ಸರಾಫರು ಸಣ್ಣ ಉಳಿಯಿಂದ ಒತ್ತುತ್ತಿದ್ದ ಗುರುತು ಅದು. ಹಾಗೆ ನೋಡಿದರೆ ಅವ್ವನವರ ರೂಪಾಯಿಯ ಮೈಮೇಲಿದ್ದದ್ದು ದೋಷವಲ್ಲ, ಸಾಕ್ಷಿ.

ಇನ್ನು ಬೆಳ್ಳಿಯ ಚೊಕ್ಕಟತನ. ಅವು ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕ ರೂಪಾಯಿಗಳು. ಹಾಲಿ ಎಂದರೆ ಚಾಲ್ತಿಯಲ್ಲಿರುವುದು. ಒಂದು ಕಾಲಕ್ಕೆ ಗದ್ವಾಲ, ನಾರಾಯಣಪೇಟೆಗಳಂಥ ಸಂಸ್ಥಾನಗಳಲ್ಲಿಯೂ ಟಂಕಸಾಲೆಗಳಿದ್ದವು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರ ಆಡಳಿತದಲ್ಲಿ ಇಂಥ ಹೊರಗಿನ ಟಂಕಸಾಲೆಗಳನ್ನು ಮುಚ್ಚಿಸಿ ಹೈದರಾಬಾದಿನ ನಾಣ್ಯವನ್ನೇ ನಿಲ್ಲಿಸಿದರು. ಹಾಲಿ ರೂಪಾಯಿ ತೂಗುತ್ತಿದ್ದುದು ಸುಮಾರು 11.18 ಗ್ರಾಮು, ಅದರಲ್ಲಿ ಬೆಳ್ಳಿ ನೂರಕ್ಕೆ 82ರ ಆಸುಪಾಸು. ಬ್ರಿಟಿಷರ ರೂಪಾಯಿ 11.66 ಗ್ರಾಮು, ಬೆಳ್ಳಿ ನೂರಕ್ಕೆ 92ರ ಹತ್ತಿರ. ಆದುದರಿಂದಲೇ ಅವರ ಆರು ರೂಪಾಯಿಗೆ ನಮ್ಮವು ಏಳು. ಬ್ರಿಟಿಷರ ರೂಪಾಯಿಗೆ ಈ ಸೀಮೆಯಲ್ಲಿ ಕಲ್ದಾರ ಎಂದು ಹೆಸರು. ಕಲ್ ಎಂದರೆ ಯಂತ್ರ. ಸುತ್ತಿಗೆಯ ರೂಪಾಯಿ ಹಾಲಿ, ಯಂತ್ರದ ರೂಪಾಯಿ ಕಲ್ದಾರ. ರಾಯಚೂರು ಗುಲ್ಬರ್ಗದ ನಮ್ಮ ಹಿರಿಯರು ಸೊಲ್ಲಾಪುರದ ಪೇಟೆಗೆ ಹೋದಾಗಲೆಲ್ಲ ಈ ಏಳು-ಆರರ ಲೆಕ್ಕವನ್ನೂ, ಮೇಲೆ ಸರಾಫರ ವಟ್ಟವನ್ನೂ ಬಾಯಿಲೆಕ್ಕದಲ್ಲಿಯೇ ಕಳೆಯುತ್ತಿದ್ದರು. ಆಮೇಲೆ ಹೈದರಾಬಾದಿಗೂ ಯಂತ್ರ ಬಂತು. ಸುಲ್ತಾನ್ ಶಾಹಿಯಲ್ಲಿ 1803ರಿಂದ ಇದ್ದ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಬಂದಿತು; ಚಾರ್‌ಮಿನಾರಿನ ಚಿತ್ರವಿರುವ ದುಂಡನೆಯ ರೂಪಾಯಿಗಳು ಆ ಕಾಲದವು. ಹೈದರಾಬಾದಿನ ಹಣ ಪೂರ್ತಿ ರದ್ದಾದದ್ದು 1959ರಲ್ಲಿ. ಅವ್ವನವರ ತಂದೆ ಮಗಳ ಸೆರಗಿಗೆ ಕಟ್ಟಿದ ವರ್ಷಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿತ್ತು. ಈ ಹಣ ಬಹಳ ದಿನ ಬಾಳದೆಂದು ಅವರಿಗೂ ಗೊತ್ತಿದ್ದಿರಬೇಕು. ಖರ್ಚಿಗೆಂದು ಕೊಟ್ಟದ್ದಲ್ಲ ಅದು, ಇಟ್ಟುಕೊಳ್ಳಲೆಂದು ಕೊಟ್ಟದ್ದು.

ಮಾಸ್ತರ ಸಾಹೇಬರು ಕನ್ನಡಕ ಒರೆಸಿಕೊಂಡು ಐದು ರೂಪಾಯಿಗಳನ್ನೂ ಜೋಡಿಸಿ, ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತುಂಬಿ ಓದಿದರು. "ನಿಜಾಮ್ ಉಲ್ ಮುಲ್ಕ್ ಆಸಫ್ ಜಾಹ್ ಬಹಾದ್ದೂರ್." ಹಿಂಬದಿಯಲ್ಲಿ ಫರ್ಖುಂದಾ ಬುನಿಯಾದ್ ಹೈದರಾಬಾದ್ ಎಂಬ ಊರಿನ ಬಿರುದು. ವರ್ಷ ಮಾತ್ರ ಐದರಲ್ಲಿಯೂ ಅಂಚಿನಾಚೆ ಬಿದ್ದುಹೋಗಿತ್ತು. ಅಕ್ಷರಗಳ ನಡುವೆ ಪುಟ್ಟದೊಂದು ಮೀಮ್ ಇದೆಯೆಂದು ತೋರಿಸಿದರು. 1869ರಿಂದ 1911ರವರೆಗೆ ಆಳಿದ ಮಹಬೂಬ್ ಅಲಿ ಖಾನರ ಹೆಸರಿನ ಮೊದಲಕ್ಷರ ಅದು. ಅರಸನ ಸ್ವಂತ ಹೆಸರಿಗೆ ಅಷ್ಟೇ ಜಾಗ.

ಅವ್ವನವರು ಎಲ್ಲವನ್ನೂ ಕೇಳಿ, "ಹಂಗಾದ್ರ ನಮ್ಮಪ್ಪನ ರೊಕ್ಕ ಖರೇನ" ಎಂದು ಮಗನ ಕಡೆ ಒಮ್ಮೆ ನೋಡಿದರು. ಮಗ ಚಹಾ ತರಲು ಒಳಗೆ ಹೋದ. ಆಮೇಲೆ ಡರ್ಹಮಿನ ಬಿಲ್ಲೆಯನ್ನೆತ್ತಿ ಮೊಮ್ಮಗನಿಗೆ ಕೇಳಿದರು: "ಸ್ವಾಮಿಗೋಳು ಭಸ್ಮ ಕೊಡ್ತಾರ, ತೀರ್ಥ ಕೊಡ್ತಾರ. ರೊಕ್ಕ ಹೊಡಸೋ ಸ್ವಾಮಿ ಯಾರಪಾ ಇಂವ?"

ಪ್ರಶ್ನೆ ಸಣ್ಣದಲ್ಲ. ಮಧ್ಯಯುಗದ ಯೂರೋಪಿನಲ್ಲಿ ಬಿಷಪ್ಪರೆಂದರೆ ಬರಿಯ ಧರ್ಮಗುರುಗಳಲ್ಲ; ಸೀಮೆಯನ್ನು ಆಳುವವರು, ಕೋಟೆ ಕಟ್ಟುವವರು, ನ್ಯಾಯ ತೀರಿಸುವವರು. ಡರ್ಹಮ್ ಇದ್ದದ್ದು ಸ್ಕಾಟ್‌ಲೆಂಡಿನ ದಾಳಿಯ ದಾರಿಯಲ್ಲಿ. ದೂರದ ಲಂಡನ್ನಿನ ಅರಸನಿಗೆ ಅಲ್ಲಿ ಗಟ್ಟಿಗನೊಬ್ಬ ಬೇಕಾಗಿತ್ತು. ಮದುವೆಯಿಲ್ಲದ ಬಿಷಪ್ಪನಾದರೆ ಮಗನಿಗೆ ರಾಜ್ಯ ಬಿಟ್ಟುಹೋಗುವ ಭಯವೂ ಇಲ್ಲ. ಆದುದರಿಂದ ಅರಸನಿಗೆ ಸಲ್ಲುವ ಹಲವು ಹಕ್ಕುಗಳು ಆ ಪೀಠಕ್ಕೆ ಸಂದವು. ನಾಣ್ಯ ಹೊಡೆಸುವ ಹಕ್ಕು ಅವುಗಳಲ್ಲೊಂದು. ಕ್ಯಾಂಟರ್ಬರಿ, ಯಾರ್ಕ್‌ಗಳ ಆರ್ಚ್‌ಬಿಷಪ್ಪರಿಗೂ ಅದು ಇದ್ದಿತು. ಕಮ್ಮಟದ ಲಾಭ ಪೀಠಕ್ಕೆ. ಆದರೆ ನಾಣ್ಯದ ಮುಖದ ಮೇಲೆ ಕಿರೀಟ ತೊಟ್ಟ ಅರಸನೇ ಇರತಕ್ಕದ್ದು, ಹೆಸರೂ ಅರಸನದೇ. ಅಚ್ಚುಗಳು ಸಾಮಾನ್ಯವಾಗಿ ಲಂಡನ್ನಿನಲ್ಲಿ ಕೊರೆದು ಬರುತ್ತಿದ್ದವು.

ಹೀಗಿರುವಾಗ ಬಿಷಪ್ಪರು ತಮ್ಮ ಗುರುತನ್ನು ಎಲ್ಲಿ ತೂರಿಸಬೇಕು? ಮೊಮ್ಮಗ ತಂದದ್ದು ಎರಡನೆಯ ಎಡ್ವರ್ಡನ ಕಾಲದ ಪೆನ್ನಿ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ತೂಕ ಒಂದೂವರೆ ಗ್ರಾಮಿಗೂ ಕಡಿಮೆ. ಹಿಂಬದಿಯಲ್ಲಿ ಅಂಚಿನಿಂದ ಅಂಚಿಗೆ ಚಾಚಿದ ಶಿಲುಬೆ, ಸುತ್ತಲೂ ಡರ್ಹಮಿನ ಲ್ಯಾಟಿನ್ ಹೆಸರು. ಶಿಲುಬೆಯ ಮೇಲಿನ ತೋಳನ್ನು ಗಮನವಿಟ್ಟು ನೋಡಿದರೆ ತುದಿಯಲ್ಲಿ ಎಡಕ್ಕೆ ಬಾಗಿದೆ. ಮೊದಲು ಅದೂ ಸುತ್ತಿಗೆಯ ತಪ್ಪೆಂದೇ ನಮಗೆ ತೋರಿತು. ತಪ್ಪಲ್ಲ, ಕುರಿ ಕಾಯುವವನ ಕೊಕ್ಕೆಗೋಲು ಅದು, ಬಿಷಪ್ಪರ ಕೈಯ ದಂಡ. 1311ರಿಂದ 1316ರವರೆಗೆ ಪೀಠದಲ್ಲಿದ್ದ ರಿಚರ್ಡ್ ಕೆಲ್ಲಾ ಎಂಬವರ ಗುರುತು. ಅವರು ಮೊದಲು ಡರ್ಹಮಿನ ಮಠದಲ್ಲಿಯೇ ಸನ್ಯಾಸಿಯಾಗಿದ್ದವರು! ಅವರಿಗೆ ಮುಂಚಿನ ಆಂಟನಿ ಬೆಕ್ ತುದಿ ಸೀಳಿದ ಶಿಲುಬೆಯನ್ನು ಹಾಕಿಸಿಕೊಂಡಿದ್ದರು. ಅರಸನೊಡನೆ ಜಗಳವಾಗಿ ಪೀಠದ ಆಸ್ತಿಯೆಲ್ಲ ಜಪ್ತಿಯಾದಾಗ ಡರ್ಹಮಿನ ನಾಣ್ಯದಲ್ಲಿ ಆ ಗುರುತೂ ಮಾಯವಾಗಿ ಬರಿಯ ಶಿಲುಬೆ ಉಳಿಯಿತು. ಕೆಲ್ಲಾ ಅವರ ಅನಂತರ ಬಂದ ಬ್ಯೂಮಂಟ್ ಸಿಂಹವನ್ನೂ ನೈದಿಲೆಯಂಥ ಹೂವನ್ನೂ ಕೊರೆಸಿದರು. ಎಲ್ಲವೂ ಸಾಸಿವೆಯಷ್ಟು. ಕಂಡವರಿಗೆ ಕಂಡೀತು.

ಶಿಲುಬೆ ಅಂಚಿನವರೆಗೆ ಚಾಚಿದ್ದಕ್ಕೆ ಭಕ್ತಿಯಷ್ಟೇ ಕಾರಣವಲ್ಲ. ಕೈಬಡಿತದ ನಾಣ್ಯದ ಅಂಚನ್ನು ಕತ್ತರಿಯಿಂದ ಸವರಿ ಬೆಳ್ಳಿ ಕದಿಯುವ ವಿದ್ಯೆ ಆ ದೇಶದಲ್ಲಿ ಬಲವಾಗಿ ಬೆಳೆದಿತ್ತು. ತೋಳಿನ ತುದಿ ತುಂಡಾಗಿದ್ದರೆ ಕಳವು ಒಡನೆ ತಿಳಿಯಲೆಂದು 1247ರಲ್ಲಿ ಅದನ್ನು ಉದ್ದ ಮಾಡಿದರು. ಚಿಲ್ಲರೆ ಬೇಕಾದವರು ಅದೇ ಶಿಲುಬೆಯ ಗೆರೆಯ ಮೇಲೆ ನಾಣ್ಯವನ್ನು ಎರಡು ಅಥವಾ ನಾಲ್ಕು ತುಂಡು ಮಾಡಿಕೊಳ್ಳುತ್ತಿದ್ದರು. 1279ರ ಸುಧಾರಣೆಯ ಮೇಲೆ ಅರೆ, ಕಾಲುಗಳಿಗೆ ಬೇರೆ ದುಂಡು ನಾಣ್ಯಗಳಾದವು. ನಮ್ಮವರು ಆ ಕಷ್ಟವನ್ನು ಇಟ್ಟುಕೊಂಡಿರಲಿಲ್ಲ. ಹಣದ ಕಾಲುಭಾಗಕ್ಕೆ ಹಾಗ, ಅದರಲ್ಲಿ ಅರ್ಧಕ್ಕೆ ಬೇಳೆ ಎಂದು ಹೆಸರಿಟ್ಟು ಎಣಿಸುತ್ತಿದ್ದರು.

ಗುರುತು ಸಾಸಿವೆಯಷ್ಟಿರುವವರೆಗೆ ಅರಸರು ಸುಮ್ಮನಿದ್ದರು. ಮೀರಿದವರೊಬ್ಬರ ಕಥೆ ಹೇಳಿಬಿಡೋಣ. 1514ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ಪರಾದ ಥಾಮಸ್ ವುಲ್ಸಿ ಕಟುಕನ ಮಗನೆಂದು ಜನ ಆಡಿಕೊಳ್ಳುತ್ತಿದ್ದವರು. ಎಂಟನೆಯ ಹೆನ್ರಿಯ ಬಲಗೈಯಾಗಿ ಕಾರ್ಡಿನಲ್ ಪದವಿಗೇರಿದರು. ಆ ಪೀಠಕ್ಕೆ ವಾಡಿಕೆಯಿದ್ದದ್ದು ಪೆನ್ನಿ, ಎರಡು ಪೆನ್ನಿಯ ಸಣ್ಣ ನಾಣ್ಯ ಮಾತ್ರ. ಇವರು ನಾಲ್ಕು ಪೆನ್ನಿಯ ಗ್ರೋಟನ್ನೇ ಹೊಡೆಸಿ, ಅರಸನ ಲಾಂಛನದ ಅಕ್ಕಪಕ್ಕದಲ್ಲಿ ತಮ್ಮ ಹೆಸರಿನ ಎರಡು ಮೊದಲಕ್ಷರಗಳನ್ನೂ ಕೆಳಗೆ ಕಾರ್ಡಿನಲ್ಲರ ಅಗಲ ಟೋಪಿಯನ್ನೂ ಹಾಕಿಸಿದರು. 1529ರಲ್ಲಿ ಅರಸನ ಕೃಪೆ ತಪ್ಪಿದಾಗ ಅವರ ಮೇಲೆ ಹೊರಿಸಿದ ನಲವತ್ತುನಾಲ್ಕು ಆರೋಪಗಳಲ್ಲಿ ಆ ಟೋಪಿಯೂ ಒಂದು. ಮರುವರ್ಷ ಬಂದಿಯಾಗಿ ಲಂಡನ್ನಿಗೆ ಹೋಗುವ ದಾರಿಯಲ್ಲಿಯೇ ತೀರಿಕೊಂಡರು. ಹೆನ್ರಿಯ ಆಳ್ವಿಕೆ ಮುಗಿಯುವುದರೊಳಗೆ ಇಂಗ್ಲೆಂಡಿನಲ್ಲಿ ಬಿಷಪ್ಪರ ಟಂಕಸಾಲೆಗಳೆಲ್ಲ ಮುಚ್ಚಿದವು.

ಜರ್ಮನ್ ಸೀಮೆಯಲ್ಲಿ ಇಷ್ಟು ಸಂಕೋಚವಿರಲಿಲ್ಲ. ಕಲೋನ್, ಮೈಂಜ್, ಟ್ರಿಯರುಗಳ ಆರ್ಚ್‌ಬಿಷಪ್ಪರು ಚಕ್ರವರ್ತಿಯನ್ನು ಆರಿಸುವಷ್ಟು ದೊಡ್ಡವರು. 1386ರಲ್ಲಿ ಪಕ್ಕದ ದೊರೆಯೊಬ್ಬನನ್ನು ಸೇರಿಸಿಕೊಂಡು ಒಂದೇ ಮಟ್ಟದ ಚಿನ್ನದ ನಾಣ್ಯಕ್ಕೆ ಒಪ್ಪಂದವನ್ನೇ ಮಾಡಿಕೊಂಡರು. ಸಾಲ್ಜ್‌ಬುರ್ಗಿನಲ್ಲಿ 1495ರಿಂದ 1519ರವರೆಗೆ ಇದ್ದ ಲಿಯೊನಾರ್ಡ್ ಎಂಬ ಆರ್ಚ್‌ಬಿಷಪ್ಪರ ಮನೆತನದ ಲಾಂಛನ ಒಂದು ಗೆಡ್ಡೆ. ನಮ್ಮ ರೈತು ಬಜಾರಿನಲ್ಲಿ ಶಲ್ಗಂ ಎಂದು ಮಾರುತ್ತಾರಲ್ಲ, ಅದೇ. ಅವರ ಬೆಳ್ಳಿ ನಾಣ್ಯಗಳ ಮೇಲೆ ಎಲೆಸಹಿತವಾದ ಶಲ್ಗಂ ಠೀವಿಯಿಂದ ಕುಳಿತಿರುತ್ತದೆ. ಇದನ್ನು ಕೇಳಿ ಅವ್ವನವರು ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು.

ನಮ್ಮಲ್ಲಿ ಹೀಗೇಕೆ ಆಗಲಿಲ್ಲ? ಮಠಗಳು, ದೇವಾಲಯಗಳು ನಮ್ಮಲ್ಲಿಯೂ ಶ್ರೀಮಂತವಾಗಿದ್ದವು. ಇಷ್ಟು ಗದ್ಯಾಣ ಬಿಟ್ಟರು, ಅಷ್ಟು ಹಣ ಬಿಟ್ಟರು ಎಂಬುದರಿಂದಲೇ ಶಾಸನಗಳು ತುಂಬಿವೆ. ಆದರೆ ಆ ಗದ್ಯಾಣ ಹುಟ್ಟುತ್ತಿದ್ದುದು ಲಕ್ಕುಂಡಿಯಂಥ ಊರುಗಳ ಕಮ್ಮಟದಲ್ಲಿ. ಲೊಕ್ಕಿಗದ್ಯಾಣವೆಂದು ಹೆಸರೇ ಇದೆ. ಸ್ವಾಮಿಗಳು ಹಣವನ್ನು ಪಡೆದರು, ಹೊಡೆಸಲಿಲ್ಲ. ಅದರ ಬದಲು ದೇವರೇ ನಾಣ್ಯದ ಮುಖಕ್ಕೆ ಬಂದು ನಿಂತ. 12ನೆಯ ಶತಮಾನದ ಗೋವೆಯ ಕದಂಬರು ಚಿನ್ನದ ಮೇಲೆ ತಮ್ಮನ್ನು ಸಪ್ತಕೋಟೀಶ್ವರನ ವರಪ್ರಸಾದ ಪಡೆದವರೆಂದು ಬರೆಸಿಕೊಂಡರು. ವಿಜಯನಗರದ ವರಾಹಗಳ ಮೇಲೆ ಉಮಾಮಹೇಶ್ವರರು, ಲಕ್ಷ್ಮೀನಾರಾಯಣರು, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ. ಆ ಅರಸರು ತಾಮ್ರಶಾಸನಗಳಿಗೆ ಸಹಿ ಹಾಕುತ್ತಿದ್ದುದೂ ಕನ್ನಡಕ್ಷರದಲ್ಲಿ ಶ್ರೀ ವಿರೂಪಾಕ್ಷ ಎಂದೇ. ಡರ್ಹಮಿನಲ್ಲಿ ಅರಸನ ಮುಖ, ಹಿಂದೆ ಗುರುಗಳ ಕಮ್ಮಟ. ಹಂಪೆಯಲ್ಲಿ ದೇವರ ಮುಖ, ಹಿಂದೆ ಅರಸನ ಕಮ್ಮಟ. ಎರಡು ಕಡೆಯೂ ಮುಖ ತೋರಿಸುವವರು ಒಬ್ಬರು, ಸುತ್ತಿಗೆ ಹಿಡಿಸಿದವರು ಇನ್ನೊಬ್ಬರು.

ಇಷ್ಟರಲ್ಲಿ ನಮ್ಮ ಮನೆಯಾಕೆ ಗಂಟು ಬಿಚ್ಚಿ ವರಾಹವನ್ನು ಮೇಜಿನ ಮೇಲಿಟ್ಟಳು. ಮೂರೂವರೆ ಗ್ರಾಮಿಗೆ ತುಸು ಕಡಿಮೆ ಚಿನ್ನ. ಕಡಲೆಯನ್ನು ಬಡಿದು ಚಪ್ಪಟೆ ಮಾಡಿದಷ್ಟು ಗಾತ್ರ. ಮುಂದೆ ಶಿವಪಾರ್ವತಿಯರು ಜೊತೆಯಾಗಿ ಕುಳಿತಿದ್ದಾರೆ. ಕೆಳದಿಯ ಸದಾಶಿವನಾಯಕನ ವರಾಹಗಳ ಹಿಂಬದಿಯಲ್ಲಿ ನಾಗರಿಯಲ್ಲಿ ಶ್ರೀ ಸದಾಶಿವ ಎಂದಿರಬೇಕು. ನಮ್ಮದರಲ್ಲಿ ಅದಿಲ್ಲ. ಚುಕ್ಕಿಗಳ ನಡುವೆ ಬಳ್ಳಿಯ ಕುಡಿಯಂತೆ ಬಾಗಿದ ಒಂದು ಗೆರೆ. ನಾಗರಹಾವಿನ ಹೆಡೆಯೆಂದು ಅವಳ ತೌರಿನಲ್ಲಿ ನಂಬಿಕೆ.

ಮಾಸ್ತರ ಸಾಹೇಬರು ಅದನ್ನು ದೀಪಕ್ಕೆ ಹಿಡಿದು, "ಅಮ್ಮಾ, ಇದು ನಮ್ಮ ಅಕ್ಷರ. ಹೇ" ಎಂದರು.

ಹೇ ಎಂದರೆ ಹೈದರ್. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದು, ರಾಣಿ ವೀರಮ್ಮಾಜಿಯ ಆಳ್ವಿಕೆ ಮುಗಿಸಿ, ಊರಿಗೆ ಹೈದರ್‌ನಗರವೆಂದು ತನ್ನ ಹೆಸರನ್ನಿಟ್ಟ. ಆದರೆ ವರಾಹದ ಮುಂಬದಿಯನ್ನು ಮುಟ್ಟಲಿಲ್ಲ. ಪೇಟೆಯಲ್ಲಿ ಜನ ನಂಬಿದ್ದು ಆ ಶಿವಪಾರ್ವತಿಯರನ್ನು. ಅವರನ್ನು ಎಬ್ಬಿಸಿದರೆ ಚಿನ್ನಕ್ಕೂ ಬೆಲೆ ಇಳಿದೀತೆಂಬ ವ್ಯವಹಾರಜ್ಞಾನ ಅವನಿಗಿತ್ತು. ಬೆನ್ನ ಮೇಲೆ ತನ್ನ ಒಂದಕ್ಷರವನ್ನು ಒತ್ತಿಸಿ ಸುಮ್ಮನಾದ. 1799ರ ಅನಂತರ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ಶಿವಪಾರ್ವತಿಯರು, ಬೆನ್ನಿಗೆ ಶ್ರೀ ಕೃಷ್ಣರಾಜ ಎಂಬ ಬರಹ. ದಂಪತಿಗಳು ಕುಳಿತಲ್ಲಿಯೇ ಇದ್ದರು, ಹಿಂಬದಿಯ ಒಕ್ಕಲು ಬದಲಾಗುತ್ತಿತ್ತು.

ಹೈದರಾಬಾದಿನ ಕಥೆಯೂ ಹೆಚ್ಚು ಬೇರೆಯಲ್ಲ. 1857ರ ದಂಗೆಯವರೆಗೆ ಇಲ್ಲಿಯ ರೂಪಾಯಿಗಳ ಮೇಲೆ ಇದ್ದದ್ದು ದಿಲ್ಲಿಯ ಮೊಗಲ ಬಾದಶಹನ ಹೆಸರು. ದಿಲ್ಲಿಯಲ್ಲಿ ಅವನಿಗೆ ಅಧಿಕಾರ ಉಳಿದಿರಲಿಲ್ಲವೆಂಬುದು ಬೇರೆ ಮಾತು. ಇಲ್ಲಿ ಆಳುತ್ತಿದ್ದ ನಿಜಾಮರದು ಒಂದಕ್ಷರ ಮಾತ್ರ. ಬಾದಶಹ ಹೋದ ಮೇಲೆ ಆಸಫ್ ಜಾಹ್ ಎಂಬ ಮನೆತನದ ಬಿರುದು ಬಂತು. ನೆತ್ತಿಯ ಮೇಲೆ 92 ಎಂಬ ಅಂಕಿ. ಅವ್ವನವರ ಒಂದು ರೂಪಾಯಿಯಲ್ಲಿ ಅದು ಸೊಗಸಾಗಿ ಉಳಿದಿದೆ. ಬೆಲೆಯಲ್ಲ, ವರ್ಷವಲ್ಲ. ಅಕ್ಷರಗಳಿಗೆ ಸಂಖ್ಯೆ ಹಿಡಿಯುವ ಪದ್ಧತಿಯಲ್ಲಿ ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4; ಕೂಡಿದರೆ 92, ಪ್ರವಾದಿ ಮುಹಮ್ಮದರ ಹೆಸರು. ಮಾಸ್ತರ ಸಾಹೇಬರು ಬೆರಳು ಮಡಿಸಿ ಎಣಿಸಿ ತೋರಿಸಿದರು.

ನಮ್ಮ ಮನೆಯಾಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ತಾಯಿ, ತಾಯಿಯ ತಾಯಿ, ಎಷ್ಟು ದೀಪಾವಳಿಗಳಲ್ಲಿ ಆ ಹೆಡೆಗೆ ಕುಂಕುಮವಿಟ್ಟಿದ್ದರೋ! ಕೊನೆಗೆ, "ಬೆನ್ನಿಗೆ ಏನು ಬರೆದಿದ್ದರೂ ಎದುರಿಗೆ ಕೂತವರು ಎದ್ದುಹೋಗಿಲ್ಲವಲ್ಲ" ಎಂದು ವರಾಹವನ್ನು ಮತ್ತೆ ಗಂಟಿಗೆ ಕಟ್ಟಿಕೊಂಡಳು. ಈ ವರ್ಷದ ಪೂಜೆಯಲ್ಲಿ ಅದು ಕೂಡುತ್ತದೆಯೇ ಎಂದು ನಾವು ಕೇಳಲಿಲ್ಲ. ಕೂಡಿತು.

ಮರುದಿನ ಇನ್ನೊಬ್ಬ ಚಿನಿವಾರರ ಬಳಿಗೆ ನಾವೂ ಜೊತೆಯಲ್ಲಿ ಹೋಗಿ ಐದು ರೂಪಾಯಿಗಳನ್ನೂ ತೂಗಿಸಿ, ಒರೆಗೆ ಹಚ್ಚಿಸಿದೆವು. ಸವೆತ ಕಳೆದರೆ ಎಲ್ಲವೂ ಲೆಕ್ಕಕ್ಕೆ ಸರಿ. ಅಲ್ಲಿಂದ ಹಾಗೆಯೇ ಮಾಸಾಬ್ ಟ್ಯಾಂಕು, ಲಕ್ಡಿಕಾಪೂಲಿನ ಮೇಲೆ ಹಾದು ಸೈಫಾಬಾದಿನ ಹಳೆಯ ಟಂಕಸಾಲೆಯನ್ನೂ ಮೊಮ್ಮಗನಿಗೆ ತೋರಿಸಿದ್ದಾಯಿತು. 1997ರಲ್ಲಿ ನಾಣ್ಯದ ಕೆಲಸ ಚರ್ಲಪಲ್ಲಿಗೆ ಹೋದ ಮೇಲೆ ಬಹುಕಾಲ ಸುಮ್ಮನಿದ್ದ ಆ ಕಟ್ಟಡದಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ನಮ್ಮ ಸಂಘದ ಮಕ್ಕಳನ್ನು ಒಂದು ಭಾನುವಾರ ಕರೆದೊಯ್ಯಬಾರದೇಕೆ ಎಂಬ ಸೂಚನೆಯನ್ನು ಕಾರ್ಯದರ್ಶಿಗಳ ಮುಂದೆ ಇಟ್ಟಿದ್ದೇವೆ.

ಮರಿಮಗಳ ಬಟ್ಟಲು ಹೊಸ ಬೆಳ್ಳಿಯಲ್ಲಿ ಆಯಿತು. ಖರ್ಚು ಮಗನದು, ಅದು ಅವನಿಗೆ ಸಲ್ಲಬೇಕಾದ ದಂಡವೆಂದು ಮನೆಯಲ್ಲಿ ಎಲ್ಲರ ಮತ. ಐದು ರೂಪಾಯಿಗಳೂ ಅವ್ವನವರ ಸಂದೂಕಕ್ಕೆ ಮರಳಿದವು. ಮೊಮ್ಮಗ ಹೊರಡುವ ದಿನ ತನ್ನ ಪೆನ್ನಿಗಾಗಿ ಜೇಬು, ಚೀಲ ಎಲ್ಲ ತಡಕಿ ಹುಡುಕಿದ. ಅದು ಅವ್ವನವರ ಗಂಟಿನಲ್ಲಿ ಆರನೆಯದಾಗಿ ಸೇರಿತ್ತು. "ಅಂಗಿ ಗುಂಡಿ ಜೋಡಿ ಕಿಸೆದಾಗ ಇಟ್ಕೊಂಡು ತಿರಗ್ತಾನ್ರೀ," ಎಂದು ಅವರು ನಮಗೆ ದೂರು ಹೇಳಿದರು, "ಯಾವ ದೇಶದ್ದಾದ್ರೇನು, ಸ್ವಾಮಿಗೋಳ ರೊಕ್ಕ!"